ತೆಗೆದಷ್ಟೂ ಮರಳಿ ಬರುವ ಯುಎಸ್‌ಬಿ-ಸೀರಿಯಲ್ ಡ್ರೈವರ್: ತೂಕದ ಯಂತ್ರ ಲ್ಯಾಪ್‌ಟಾಪಿಗೆ ಸಿಗುತ್ತಿಲ್ಲ

ತೋಟದ ರೈಟರ್, ಮೂಡಿಗೆರೆ:

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಸಮೀಪದ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಈಗ ಅರೇಬಿಕಾ ಕೊಯ್ಲು ನಡೆಯುತ್ತಿದೆ. ಸಂಜೆ ಹಣ್ಣಿನ ಮೂಟೆಗಳನ್ನು ತೂಕ ಹಾಕುವಾಗ, ತೂಕದ ಯಂತ್ರದ ಡಿಸ್‌ಪ್ಲೇ ಪೆಟ್ಟಿಗೆಯಿಂದ ಹೊರಡುವ 9 ಪಿನ್ನಿನ ಸೀರಿಯಲ್ ವೈರಿಗೆ ಯುಎಸ್‌ಬಿ ಕೇಬಲ್ ಸೇರಿಸಿ ಲ್ಯಾಪ್‌ಟಾಪಿಗೆ ಕೊಟ್ಟಿದ್ದೇವೆ. ಕೊಯ್ದವರ ಹೆಸರನ್ನು ಆರಿಸಿದರೆ ಸಾಕು, ಕಿಲೋ ಲೆಕ್ಕ ತಾನಾಗಿ ಅದರ ಮುಂದೆ ದಾಖಲಾಗುತ್ತಿತ್ತು. ಹಿಂದಿನ ಕೊಯ್ಲುಗಳಲ್ಲೆಲ್ಲ ಇದು ಯಾವ ತೊಂದರೆಯೂ ಇಲ್ಲದೆ ನಡೆದಿದೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತ ಕಾರಣ ಅದೇ ಲ್ಯಾಪ್‌ಟಾಪನ್ನು ವಿಂಡೋಸ್ 11ಕ್ಕೆ ಬದಲಾಯಿಸಿದೆವು. ಅಂದಿನಿಂದ ಕೇಬಲ್ ಚುಚ್ಚಿದರೆ, ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಕಾಣಿಸುತ್ತದೆ. ಅದನ್ನು ತೆರೆದರೆ ಸಾಧನವು ಆರಂಭವಾಗುತ್ತಿಲ್ಲ, ಕೋಡ್ 10 ಎಂದಿದೆ. ಸಾಧನದ ಹೆಸರು ಇರಬೇಕಾದ ಜಾಗದಲ್ಲಿ, ಪಿಎಲ್2303ಎಚ್‌ಎಕ್ಸ್‌ಎ 2012ರಿಂದ ನಿಂತುಹೋಗಿದೆ, ನಿಮಗೆ ಮಾರಿದವರನ್ನು ಸಂಪರ್ಕಿಸಿ ಎಂಬ ಅರ್ಥದ ಇಂಗ್ಲಿಷ್ ಸಾಲು ಇದೆ.

ಹೊಸ ಡ್ರೈವರನ್ನು, ಅಂದರೆ ಕೇಬಲ್ಲನ್ನು ನಡೆಸಲು ವಿಂಡೋಸ್ ಈಗ ಬಳಸುತ್ತಿರುವ ತಂತ್ರಾಂಶವನ್ನು, ತೆಗೆದುಹಾಕಿದರೆ ಸರಿಹೋಗಬಹುದೆಂದು ನನಗೆ ತಿಳಿದ ಎಲ್ಲವನ್ನೂ ಮಾಡಿದ್ದೇನೆ. ಡಿವೈಸ್ ಮ್ಯಾನೇಜರಿನಲ್ಲಿ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ಅದೇ ಡ್ರೈವರ್ ಮತ್ತೆ ಕುಳಿತಿರುತ್ತದೆ. ಹೀಗೆ ಏಳೆಂಟು ಸಲ ಆಯಿತು. ಆ್ಯಪ್‌ಗಳ ಪಟ್ಟಿಯಲ್ಲಿದ್ದ ಅದರ ಹೆಸರನ್ನೂ ತೆಗೆದೆ. ಕೊನೆಗೆ ಸಿಸ್ಟಮ್32ರ ಡ್ರೈವರ್ಸ್ ಫೋಲ್ಡರಿನಲ್ಲಿದ್ದ ಫೈಲನ್ನೇ ಅಳಿಸಿದೆ, ಕೇಬಲ್ ಮತ್ತೆ ಚುಚ್ಚಿದಾಗ ಅದೂ ಮರಳಿ ಬಂದಿತ್ತು.

ಸದ್ಯಕ್ಕೆ ಡಿಸ್‌ಪ್ಲೇ ನೋಡಿಕೊಂಡು ಪುಸ್ತಕದಲ್ಲಿ ಬರೆಯುತ್ತಿದ್ದೇವೆ. ಕತ್ತಲಾದ ಮೇಲೆ ಟಾರ್ಚಿನ ಬೆಳಕಿನಲ್ಲಿ, ಮೂಟೆ ಹೊತ್ತವರು ಸಾಲಾಗಿ ಕಾಯುತ್ತಿರುವಾಗ ಬರೆಯುವ ಲೆಕ್ಕದಲ್ಲಿ ತಪ್ಪು ನುಸುಳುತ್ತದೆ. ಮೊನ್ನೆ ಒಬ್ಬ ಹೆಂಗಸಿನ 43 ಕಿಲೋವನ್ನು ನಾನು 34 ಎಂದು ಬರೆದಿದ್ದೆ. ಬಟವಾಡೆಯ ದಿನ ಅವರೇ ನೆನಪಿಟ್ಟು ಹೇಳಿದ್ದರಿಂದ ಸರಿಪಡಿಸಿದೆ, ಇಲ್ಲವಾದರೆ ಒಂಬತ್ತು ಕಿಲೋ ಕೂಲಿ ಅವರ ಕೈತಪ್ಪುತ್ತಿತ್ತು. ದಯವಿಟ್ಟು ಈ ಡ್ರೈವರನ್ನು ಬೇರುಸಹಿತ ತೆಗೆಯುವ ದಾರಿಯನ್ನು ತಿಳಿಸಿ.

ರಿಪೇರಿ ಬೆಂಚ್, ಹಾಸನ:

ನಮಸ್ಕಾರ ಸರ್. ನೀವು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ, ಆದರೆ ಡ್ರೈವರಿನ ಮೂಲ ಪ್ರತಿ ಇರುವ ಜಾಗವನ್ನು ನೀವು ಇನ್ನೂ ಮುಟ್ಟಿಲ್ಲ.

ವಿಂಡೋಸ್ ವಿಸ್ತಾ ಕಾಲದಿಂದಲೂ ಯಾವುದೇ ಡ್ರೈವರನ್ನು ಹಾಕುವ ಮೊದಲು ಅದರ ಇಡೀ ಕಟ್ಟಿನ ಒಂದು ಪ್ರತಿಯನ್ನು ಡ್ರೈವರ್ ಸ್ಟೋರ್ ಎಂಬ ಉಗ್ರಾಣದಲ್ಲಿ ಇಟ್ಟುಕೊಳ್ಳುತ್ತದೆ. ಸಿಸ್ಟಮ್32ರ ಒಳಗಿನ ಡ್ರೈವರ್‌ಸ್ಟೋರ್, ಅದರೊಳಗಿನ ಫೈಲ್ ರೆಪಾಸಿಟರಿ ಎಂಬ ಫೋಲ್ಡರೇ ಆ ಉಗ್ರಾಣ. ಡಿವೈಸ್ ಮ್ಯಾನೇಜರಿನಲ್ಲಿ ಬರಿಯ ಅನ್‌ಇನ್‌ಸ್ಟಾಲ್ ಕೊಟ್ಟರೆ ಆ ಸಾಧನದ ನೋಂದಣಿ ಮಾತ್ರ ಹೋಗುತ್ತದೆ, ಉಗ್ರಾಣದ ಕಟ್ಟು ಅಲ್ಲಿಯೇ ಉಳಿಯುತ್ತದೆ. ಕಣವನ್ನು ಗುಡಿಸಿದ ಮಾತ್ರಕ್ಕೆ ಗೋದಾಮಿನ ಮೂಟೆಗಳು ಖಾಲಿಯಾಗುವುದಿಲ್ಲವಲ್ಲ, ಹಾಗೆ. ಮತ್ತೆ ಕೇಬಲ್ ಚುಚ್ಚಿದೊಡನೆ ವಿಂಡೋಸ್ ಉಗ್ರಾಣದಲ್ಲಿ ಹುಡುಕಿ, ಆ ಸಾಧನಕ್ಕೆ ಹೊಂದುವ ಕಟ್ಟುಗಳು ಒಂದಕ್ಕಿಂತ ಹೆಚ್ಚಿದ್ದು ಎಲ್ಲವೂ ಸಮನಾಗಿ ಹೊಂದುತ್ತಿದ್ದರೆ, ಹೊಸ ದಿನಾಂಕದ್ದನ್ನು ಆರಿಸಿಕೊಳ್ಳುತ್ತದೆ. ನಿಮ್ಮ ಕೇಬಲ್ಲಿಗೆ ಬೇಡವಾದದ್ದು ಆ ಹೊಸ ದಿನಾಂಕದ ಕಟ್ಟೇ.

ಆ ಇಂಗ್ಲಿಷ್ ಸಾಲಿನ ಅರ್ಥವನ್ನೂ ಹೇಳಿಬಿಡುತ್ತೇನೆ. ನಿಮ್ಮ ಕೇಬಲ್ಲಿನ ತುದಿಯೊಳಗಿರುವುದು ತಯಾರಿಕೆ ನಿಂತುಹೋದ ಹಳೆಯ ಚಿಪ್, ಅಥವಾ ಅದನ್ನು ಹೋಲುವ ನಕಲು. ಹೊರಗಿನಿಂದ ನೋಡಿ ಇವೆರಡನ್ನು ಬೇರ್ಪಡಿಸಲು ನನ್ನಿಂದ ಆಗದು. ಹೊಸ ಡ್ರೈವರ್ ಎರಡನ್ನೂ ಒಪ್ಪುವುದಿಲ್ಲ, 2008ರ ಕಾಲದ ಹಳೆಯ ಡ್ರೈವರ್ ಒಪ್ಪುತ್ತದೆ. ಕೇಬಲ್ ಕೆಟ್ಟಿಲ್ಲ, ತೂಕದ ಯಂತ್ರವೂ ಕೆಟ್ಟಿಲ್ಲ.

ಮೊದಲು ಉಗ್ರಾಣದಲ್ಲಿ ಏನೇನಿದೆ ಎಂದು ನೋಡೋಣ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ; ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಪಿ, ಎನ್, ಪಿ ಅಕ್ಷರಗಳಿಗೆ ಯುಟಿಲ್ ಎಂಬುದನ್ನು ಜಾಗ ಬಿಡದೆ ಸೇರಿಸಿ, ಪ್ರತಿ ಓರೆಗೆರೆಯ ಮುಂಚೆ ಒಂದು ಜಾಗ ಬಿಡಿ:

ಪಿಎನ್‌ಪಿಯುಟಿಲ್ /ಎನಮ್-ಡ್ರೈವರ್ಸ್

ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಮೂಲ ಹೆಸರು ಎಸ್‌ಇಆರ್2ಪಿಎಲ್ ಎಂದಿರುವ ಪ್ರತಿ ಕಟ್ಟನ್ನೂ ಹುಡುಕಿ, ಅದರ ಮೇಲಿನ ಸಾಲಿನಲ್ಲಿ ವಿಂಡೋಸ್ ಆ ಕಟ್ಟಿಗೆ ಕೊಟ್ಟಿರುವ ಓಇಎಂ ಸಂಖ್ಯೆ, ಕೆಳಗಿನ ಸಾಲುಗಳಲ್ಲಿರುವ ದಿನಾಂಕ ಮತ್ತು ಆವೃತ್ತಿ, ಈ ಮೂರನ್ನೂ ಇಲ್ಲಿ ಬರೆಯಿರಿ. ಏನನ್ನೂ ಇನ್ನೂ ಅಳಿಸಬೇಡಿ.

ತೋಟದ ರೈಟರ್, ಮೂಡಿಗೆರೆ:

ಧನ್ಯವಾದಗಳು ಸರ್. ಒಂದೇ ಕಟ್ಟು ಇರುತ್ತದೆಂದು ಭಾವಿಸಿದ್ದೆ, ಮೂರು ಸಿಕ್ಕಿವೆ. ಓಇಎಂ17ರ ದಿನಾಂಕ 2008ರದು, ಆವೃತ್ತಿ 3.3.2ರಿಂದ ಆರಂಭವಾಗುತ್ತದೆ. ಓಇಎಂ29 ಮತ್ತು ಓಇಎಂ41 ಎರಡೂ ಅದಕ್ಕಿಂತ ಬಹಳ ಹೊಸವು, ಆವೃತ್ತಿಗಳೂ ಬೇರೆ ಬೇರೆ.

ನಿಮ್ಮ ಮಾತನ್ನು ಮೀರಿ ಒಂದು ಪ್ರಯತ್ನ ಮಾಡಿದೆ, ಕ್ಷಮಿಸಿ. ಬೇರೊಂದು ಕಡೆ ಓದಿದ್ದ ಅಳಿಸುವ ಆಜ್ಞೆಯನ್ನು ಓಇಎಂ41ರ ಮೇಲೆ ಪ್ರಯೋಗಿಸಿದೆ. ಈ ಕಟ್ಟನ್ನು ಬಳಸಿ ಸಾಧನಗಳು ಸ್ಥಾಪನೆಯಾಗಿವೆ ಎಂಬ ಅರ್ಥದ ಸಂದೇಶ ಬಂದು ಆಜ್ಞೆ ವಿಫಲವಾಯಿತು. ಆಗ ಕೇಬಲ್ಲನ್ನು ಕಿತ್ತೇ ಇಟ್ಟಿದ್ದೆ. ಇಲ್ಲದ ಸಾಧನ ಹೇಗೆ ಬಳಕೆಯಲ್ಲಿರುತ್ತದೆ?

ರಿಪೇರಿ ಬೆಂಚ್, ಹಾಸನ:

ಕ್ಷಮೆಯ ಮಾತೇಕೆ ಸರ್, ಅದರಿಂದ ಹಾನಿಯೇನೂ ಆಗಿಲ್ಲ. ನಿಮ್ಮ ಪಟ್ಟಿ ನೋಡಿ ನನಗೆ ಸಮಾಧಾನವಾಯಿತು. ನಿಮಗೆ ಬೇಕಾದ 2008ರ ಡ್ರೈವರ್ ವಿಂಡೋಸ್ 10ರ ಕಾಲದಿಂದ ಉಗ್ರಾಣದಲ್ಲೇ ಇದೆ, ಎಲ್ಲಿಂದಲೂ ಡೌನ್‌ಲೋಡ್ ಮಾಡಬೇಕಿಲ್ಲ. ನೀವು ಒಂದು ಹೊಸ ಕಟ್ಟನ್ನು ಹೇಗೋ ಕದಲಿಸಿದರೂ ಇನ್ನೊಂದು ಹೊಸದು ಅದರ ಜಾಗಕ್ಕೆ ಬರುತ್ತಿತ್ತು. ಆದ್ದರಿಂದ ಎರಡನ್ನೂ ಒಂದೇ ಬಾರಿಗೆ ತೆಗೆಯಬೇಕು.

ಕಿತ್ತಿಟ್ಟ ಕೇಬಲ್ ಬಳಕೆಯಲ್ಲಿದೆ ಎನ್ನುವುದಕ್ಕೂ ಕಾರಣವಿದೆ. ಈ ಬಗೆಯ ಕೇಬಲ್ಲುಗಳಲ್ಲಿ ಸಾಮಾನ್ಯವಾಗಿ ಸ್ವಂತ ಕ್ರಮಸಂಖ್ಯೆ ಇರುವುದಿಲ್ಲ. ಆದ್ದರಿಂದ ಅದನ್ನು ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದಾಗ ವಿಂಡೋಸ್ ಅದನ್ನು ಹೊಸ ಸಾಧನವೆಂದು ಎಣಿಸಿ ಹೊಸದಾಗಿ ನೋಂದಾಯಿಸುತ್ತದೆ. ಕೇಬಲ್ ಕಿತ್ತರೂ ಆ ನೋಂದಣಿ ಉಳಿಯುತ್ತದೆ. ಡಿವೈಸ್ ಮ್ಯಾನೇಜರಿನ ವ್ಯೂ ಮೆನುವಿನಲ್ಲಿ ಅಡಗಿದ ಸಾಧನಗಳನ್ನು ತೋರಿಸು ಎಂಬುದನ್ನು ಆರಿಸಿ, ಪೋರ್ಟ್ಸ್ ಎಂಬುದನ್ನು ಬಿಡಿಸಿ ನೋಡಿ. ಮಸುಕಾದ ಬಣ್ಣದಲ್ಲಿ ಕಾಣುವ ಸಾಲುಗಳೇ ಆ ಹಳೆಯ ನೋಂದಣಿಗಳು.

ಈಗ ಕೆಲಸಕ್ಕೆ ಇಳಿಯೋಣ. ಕೊಯ್ಲಿನ ದಿನಗಳಲ್ಲಿ ಮಲೆನಾಡಿನ ಕರೆಂಟನ್ನು ನಂಬಿ ಇದನ್ನು ಮಾಡಬೇಡಿ. ಬ್ಯಾಟರಿ ಪೂರ್ತಿ ತುಂಬಿಸಿಕೊಂಡು, ತೂಕವಿಲ್ಲದ ಬೆಳಗಿನ ಹೊತ್ತು ಮಾಡಿ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಒಂದು ಸಿಸ್ಟಮ್ ರೀಸ್ಟೋರ್ ಪಾಯಿಂಟ್ ಮಾಡಿಡಿ. ಆಮೇಲೆ ವೈಫೈ ಬಂದ್ ಮಾಡಿ. ಇಂಟರ್ನೆಟ್ ಇದ್ದರೆ ನೀವು ಹಿಂದಿನಿಂದ ತೆಗೆದದ್ದನ್ನು ವಿಂಡೋಸ್ ಅಪ್‌ಡೇಟ್ ಮುಂದಿನಿಂದ ತಂದು ಇಡುತ್ತದೆ, ಇದನ್ನು ಮರೆಯಬೇಡಿ.

ಮೊದಲ ಕೆಲಸ, 2008ರ ಕಟ್ಟನ್ನು ಭದ್ರಪಡಿಸುವುದು. ಪೆನ್‌ಡ್ರೈವಿನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ ಈ ಆಜ್ಞೆ ಕೊಡಿ, ಕೊನೆಯಲ್ಲಿ ಆ ಫೋಲ್ಡರಿನ ದಾರಿಯನ್ನು ಸೇರಿಸಿ:

ಪಿಎನ್‌ಪಿಯುಟಿಲ್ /ಎಕ್ಸ್‌ಪೋರ್ಟ್-ಡ್ರೈವರ್ ಓಇಎಂ17.ಐಎನ್‌ಎಫ್

ಮುಂದೆ ಯಾವ ಲ್ಯಾಪ್‌ಟಾಪ್ ಬಂದರೂ ಈ ಪ್ರತಿ ನಿಮ್ಮ ಬಳಿ ಇರುತ್ತದೆ. ನಂತರ ಡಿವೈಸ್ ಮ್ಯಾನೇಜರಿನಲ್ಲಿ ಆ ಕೇಬಲ್ಲಿಗೆ ಸೇರಿದ ಮಸುಕಾದ ಸಾಲುಗಳನ್ನೆಲ್ಲ ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿ. ಡ್ರೈವರನ್ನೂ ತೆಗೆಯಲು ಪ್ರಯತ್ನಿಸಲೇ ಎಂದು ಕೇಳುವ ಚೌಕವನ್ನು ಗುರುತು ಮಾಡದೆ ಬಿಡಿ, ಏಕೆಂದರೆ ಆ ಸಾಲುಗಳಲ್ಲಿ ಯಾವುದಾದರೂ 2008ರ ಕಟ್ಟನ್ನು ಹಿಡಿದಿದ್ದರೆ ಅದೂ ಹೋಗಬಹುದು. ಕಟ್ಟುಗಳನ್ನು ಆಜ್ಞೆಯಿಂದಲೇ ತೆಗೆಯೋಣ:

ಪಿಎನ್‌ಪಿಯುಟಿಲ್ /ಡಿಲೀಟ್-ಡ್ರೈವರ್ ಓಇಎಂ41.ಐಎನ್‌ಎಫ್ /ಅನ್‌ಇನ್‌ಸ್ಟಾಲ್

ಇದನ್ನೇ ಓಇಎಂ29ಕ್ಕೂ ಕೊಡಿ. ನಿಮ್ಮ ಮೊದಲ ಪ್ರಯತ್ನ ಸೋತಿದ್ದು ಕೊನೆಯ ಅನ್‌ಇನ್‌ಸ್ಟಾಲ್ ಪದ ಇಲ್ಲದ್ದರಿಂದ. ಅದು ಇದ್ದರೆ ಕಟ್ಟನ್ನು ಬಳಸುತ್ತಿರುವ ಸಾಧನಗಳಿಂದ ಡ್ರೈವರನ್ನು ಬಿಡಿಸಿ ಆಮೇಲೆ ಅಳಿಸುತ್ತದೆ. ಆದರೂ ಹಟ ಮಾಡಿದರೆ ಮಾತ್ರ ಕೊನೆಗೆ /ಫೋರ್ಸ್ ಸೇರಿಸಿ. ಆ ಫೋರ್ಸ್ ಪದದ ವಿಷಯದಲ್ಲಿ ಬಹಳ ಎಚ್ಚರವಿರಲಿ. ಓಇಎಂ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೂ ಡಿಸ್ಕಿನದೋ ಡಿಸ್‌ಪ್ಲೇಯದೋ ಡ್ರೈವರ್ ಹೋಗಿ ಲ್ಯಾಪ್‌ಟಾಪ್ ತೆರೆಯದೇ ಇರಬಹುದು. 43 ಮತ್ತು 34ರ ಕಷ್ಟ ಉಂಡಿರುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎಂಟರ್ ಒತ್ತುವ ಮೊದಲು ಸಂಖ್ಯೆಯನ್ನು ಗಟ್ಟಿಯಾಗಿ ಓದಿಕೊಳ್ಳಿ. ಹಾಗೆಯೇ ಫೈಲ್ ರೆಪಾಸಿಟರಿ ಫೋಲ್ಡರಿಗೆ ಹೋಗಿ ಕೈಯಿಂದ ಏನನ್ನೂ ಅಳಿಸಬೇಡಿ. ಉಗ್ರಾಣದ ದಾಖಲೆಗೂ ಅಲ್ಲಿರುವ ಫೈಲುಗಳಿಗೂ ತಾಳೆಯಾಗದೆ ಹೊಸ ತೊಡಕು ಹುಟ್ಟುತ್ತದೆ.

ಪಟ್ಟಿಯನ್ನು ಮತ್ತೆ ತೆಗೆದು, ಓಇಎಂ17 ಒಂದೇ ಉಳಿದಿದೆ ಎಂದು ಖಚಿತಪಡಿಸಿಕೊಂಡು, ರೀಸ್ಟಾರ್ಟ್ ಮಾಡಿ ಕೇಬಲ್ ಚುಚ್ಚಿ.

ಇನ್ನು ಮರಳಿ ಬಾರದಂತೆ ತಡೆಯುವುದು. ನಿಮ್ಮದು ವಿಂಡೋಸ್ ಪ್ರೊ ಆಗಿದ್ದರೆ ಗ್ರೂಪ್ ಪಾಲಿಸಿಯಲ್ಲಿ, ವಿಂಡೋಸ್ ಅಪ್‌ಡೇಟ್ ವಿಭಾಗದೊಳಗೆ, ಅಪ್‌ಡೇಟುಗಳ ಜೊತೆ ಡ್ರೈವರುಗಳನ್ನು ಸೇರಿಸಬೇಡ ಎಂಬ ನಿಯಮವಿದೆ, ಅದನ್ನು ಎನೇಬಲ್ ಮಾಡಿ. ಹೋಮ್ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿ ಇರುವುದಿಲ್ಲ. ಅಲ್ಲಿ ಸಿಸ್ಟಮ್ ಪ್ರಾಪರ್ಟೀಸ್‌ನ ಹಾರ್ಡ್‌ವೇರ್ ಪುಟದಲ್ಲಿ ಡಿವೈಸ್ ಇನ್‌ಸ್ಟಲೇಶನ್ ಸೆಟ್ಟಿಂಗ್ಸ್ ತೆರೆದು ನೋ ಎಂದು ಆರಿಸಿ.

ಕ್ಯೂರಿಂಗ್ ಲೆಕ್ಕ, ಚಿಕ್ಕಮಗಳೂರು:

ನಡುವೆ ಬಂದದ್ದಕ್ಕೆ ಕ್ಷಮೆಯಿರಲಿ, ನಮ್ಮ ಕ್ಯೂರಿಂಗ್ ಗೋದಾಮಿನ ತೂಕದ ಯಂತ್ರಕ್ಕೂ ಇದೇ ಬಗೆಯ ಕೇಬಲ್ ಇದೆ. ಹಾಸನದ ಸರ್ ಹೇಳಿದ್ದರ ಜೊತೆಗೆ ಎರಡು ಮಾತು. ವಿಂಡೋಸ್ ಸೆಕ್ಯುರಿಟಿಯಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಚಾಲೂ ಇದ್ದರೆ ಇಷ್ಟು ಹಳೆಯ ಡ್ರೈವರ್ ಲೋಡ್ ಆಗದೇ ಇರಬಹುದು, ಹಾಗಾದರೆ ಮೊದಲು ಅಲ್ಲಿ ನೋಡಿ. ಎರಡನೆಯದು, ಡ್ರೈವರ್ ಸರಿಯಾದ ಮೇಲೂ ತೂಕ ಬರದಿದ್ದರೆ, ವಿಂಡೋಸ್ ಕೇಬಲ್ಲಿಗೆ ಕೊಡುವ ಕಾಮ್ ಪೋರ್ಟಿನ ಸಂಖ್ಯೆ ಬದಲಾಗಿರಬಹುದು. ನಮ್ಮಲ್ಲಿ ಸಾಫ್ಟ್‌ವೇರ್ ಕಾಮ್ 3ರಲ್ಲಿ ಕಾಯುತ್ತಿತ್ತು, ಕೇಬಲ್ ಕಾಮ್ 9ಕ್ಕೆ ಹೋಗಿ ಕುಳಿತಿತ್ತು. ಅದಾದ ಮೇಲೆ ಆ ಯುಎಸ್‌ಬಿ ಕಿಂಡಿಗೆ ಬಣ್ಣದ ಟೇಪ್ ಅಂಟಿಸಿ, ಬೇರೆ ಯಾವುದಕ್ಕೂ ಚುಚ್ಚಬಾರದೆಂದು ಎಲ್ಲರಿಗೂ ಹೇಳಿಟ್ಟಿದ್ದೇವೆ.

ತೋಟದ ರೈಟರ್, ಮೂಡಿಗೆರೆ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಬೆಳಿಗ್ಗೆ ಕುಳಿತು ಹೇಳಿದ ಕ್ರಮದಲ್ಲೇ ಮಾಡಿದೆ. ಪೋರ್ಟ್ಸ್ ಕೆಳಗೆ ಐದು ಮಸುಕಾದ ಸಾಲುಗಳಿದ್ದವು. ಓಇಎಂ41 ಮೊದಲ ಸಲಕ್ಕೇ ಹೋಯಿತು, ಓಇಎಂ29 ಕೂಡ ಫೋರ್ಸ್ ಇಲ್ಲದೆಯೇ ಹೋಯಿತು. ರೀಸ್ಟಾರ್ಟ್ ಆದ ಮೇಲೆ ಕೇಬಲ್ ಚುಚ್ಚಿದಾಗ ಹಳದಿ ತ್ರಿಕೋನವಿರಲಿಲ್ಲ, ಡ್ರೈವರಿನ ದಿನಾಂಕ 2008 ಎಂದು ತೋರಿಸಿತು.

ಆದರೂ ಪರದೆಯಲ್ಲಿ ತೂಕ ಮೂಡಲಿಲ್ಲ. ಚಿಕ್ಕಮಗಳೂರಿನವರು ಬರೆದದ್ದು ನೆನಪಾಗಿ ನೋಡಿದರೆ ಪೋರ್ಟ್ ಕಾಮ್ 7 ಆಗಿತ್ತು. ಪೋರ್ಟಿನ ಅಡ್ವಾನ್ಸ್‌ಡ್ ಸೆಟ್ಟಿಂಗಿನಲ್ಲಿ ಅದನ್ನು ಹಿಂದಿನಂತೆ ಕಾಮ್ 4ಕ್ಕೆ ತಂದು, ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ತಟ್ಟೆಯ ಮೇಲೆ 20 ಕಿಲೋ ತೂಕದ ಬಟ್ಟು ಇಟ್ಟಾಗ ಪರದೆಯಲ್ಲಿಯೂ 20.00 ಬಂತು. ನಮ್ಮದು ಪ್ರೊ ಆವೃತ್ತಿ. ಗ್ರೂಪ್ ಪಾಲಿಸಿಯ ನಿಯಮವನ್ನು ಎನೇಬಲ್ ಮಾಡಿದ ಮೇಲೆಯೇ ವೈಫೈ ಹಾಕಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ಈ ಹಳೆಯ ಡ್ರೈವರನ್ನೇ ನೆಚ್ಚಿಕೊಂಡು ಮುಂದಿನ ಕೊಯ್ಲಿಗೂ ಹೋಗಬಹುದೇ?

ರಿಪೇರಿ ಬೆಂಚ್, ಹಾಸನ:

ಬಹಳ ಸಂತೋಷವಾಯಿತು ಸರ್. ಈ ಕೊಯ್ಲು ಮುಗಿಯುವವರೆಗೆ ಏನನ್ನೂ ಬದಲಿಸಬೇಡಿ. ಮುಂದಿನದಕ್ಕೆ ಮಾತ್ರ ಹೊಸ ಕೇಬಲ್ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದಾಗ ಈ ಏರ್ಪಾಡು ಮತ್ತೆ ಕದಲುವ ಸಾಧ್ಯತೆ ಇದ್ದೇ ಇದೆ, ಅದು ಕೊಯ್ಲಿನ ನಡುವೆಯೇ ಬಂದರೆ ನಿಮಗೆ ಮತ್ತೆ ಪುಸ್ತಕ, ಟಾರ್ಚು. ಕೊಳ್ಳುವಾಗ ಎಫ್‌ಟಿ232 ಅಥವಾ ಸಿಎಚ್340 ಚಿಪ್ ಇರುವುದನ್ನು ಕೇಳಿ, ವಿಂಡೋಸ್ 11ರಲ್ಲಿ ನಡೆಯುತ್ತದೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಹೊಸದು ಬಂದ ದಿನವೇ ತೂಕದ ಯಂತ್ರಕ್ಕೆ ಹಾಕಿ ಪರೀಕ್ಷಿಸಿ. ಹಳೆಯ ಕೇಬಲ್ ಮತ್ತು ಆ ಪೆನ್‌ಡ್ರೈವನ್ನು ಒಂದೇ ಚೀಲದಲ್ಲಿ ಕಟ್ಟಿ, ಮೇಲೆ ಕಾಮ್ 4 ಎಂದು ಬರೆದು ಬೀರುವಿನಲ್ಲಿ ಇಡಿ.