ಎಂಟು ವರ್ಷದ ಮಗನಿಗೆ ಎಡಿಎಚ್‌ಡಿ ಎಂದಿದ್ದಾರೆ: ಗುಳಿಗೆ ಆರಂಭಿಸಬೇಕೇ?

ಪ್ರಶ್ನೆ: ಒಬ್ಬ ತಾಯಿ, ನವನಗರ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಮೂರನೆಯ ತರಗತಿಯಲ್ಲಿದ್ದಾನೆ. ಬಾಯಿಲೆಕ್ಕವನ್ನು ನನಗಿಂತ ಬೇಗ ಬಿಡಿಸುವ ಈ ಹುಡುಗ ನಾಲ್ಕು ಸಾಲು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಹೋಗುತ್ತಾನೆ, ಪೆನ್ಸಿಲು, ರಬ್ಬರು, ನೀರಿನ ಬಾಟಲಿ ಎಲ್ಲವನ್ನೂ ಕಳೆದು ಬರುತ್ತಾನೆ, ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೂಗುತ್ತಾನೆ. ಮನೋವೈದ್ಯರು ಎರಡು ಭೇಟಿಗಳಲ್ಲಿ ನಮ್ಮೆಲ್ಲರನ್ನೂ ವಿಚಾರಿಸಿ, ಶಾಲೆಯಿಂದ ಪ್ರಶ್ನಾವಳಿಯನ್ನೂ ತರಿಸಿಕೊಂಡು, ಇದು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಯಾದ ಚಟುವಟಿಕೆಯ ತೊಂದರೆ, ಎಂದು ತಿಳಿಸಿ ಮಿಥೈಲ್‌ಫೆನಿಡೇಟ್ ಎಂಬ ಗುಳಿಗೆ ಬರೆದುಕೊಟ್ಟಿದ್ದಾರೆ. ಸ್ಕ್ಯಾನ್ ಕೂಡ ಮಾಡದೆ ಹೇಗೆ ಹೇಳಿದರು ಎಂಬುದು ನನ್ನ ಮೊದಲ ಸಂಶಯ. ಅತ್ತೆಯವರು "ಇವನಪ್ಪನೂ ಸಣ್ಣಾಂವ ಇದ್ದಾಗ ಹಿಂಗ ಇದ್ದ, ತಾನ ಸರಿ ಹೋಗ್ತಾನ" ಎನ್ನುತ್ತಾರೆ. ನಾನು ಬೆಳೆಸಿದ ರೀತಿಯಲ್ಲೇ ತಪ್ಪಿದೆಯೇ ಎಂಬ ಯೋಚನೆಯಿಂದ ರಾತ್ರಿ ನಿದ್ದೆ ಬರುತ್ತಿಲ್ಲ. ಔಷಧದ ಚೀಟಿ ಹದಿನೈದು ದಿನಗಳಿಂದ ಹಾಗೆಯೇ ಇದೆ.

ಉತ್ತರ: ಮಕ್ಕಳ ವೈದ್ಯ, ಬೆಳಗಾವಿ

ತಾಯಿ, ನಿಮ್ಮ ಕೊನೆಯ ಮಾತಿಗೇ ಮೊದಲು ಉತ್ತರಿಸುತ್ತೇನೆ: ಇದು ನಿಮ್ಮ ಬೆಳೆಸುವಿಕೆಯಿಂದ ಬಂದದ್ದಲ್ಲ. ಎಡಿಎಚ್‌ಡಿಯಲ್ಲಿ ಅನುವಂಶೀಯತೆಯ ಪಾತ್ರ ಬಹಳ ದೊಡ್ಡದು, ಆದ್ದರಿಂದ ನಿಮ್ಮ ಅತ್ತೆಯವರು ಸಮಾಧಾನಕ್ಕಾಗಿ ಆಡಿದ ಮಾತು ವೈದ್ಯರಿಗೆ ಬಹಳ ಉಪಯುಕ್ತವಾದ ಮಾಹಿತಿಯಾಗಿದೆ. ಅದನ್ನು ತಪ್ಪದೆ ಅವರಿಗೆ ತಿಳಿಸಿ.

ಇದನ್ನು ಗುರುತಿಸುವ ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಲಕ್ಷಣಗಳು ಕನಿಷ್ಠ 6 ತಿಂಗಳಿನಿಂದ ಇರಬೇಕು, 12 ವರ್ಷ ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಯಾದರೂ ಕಂಡುಬಂದು ಮಗುವಿನ ದಿನಚರಿಗೆ ತೊಂದರೆ ಕೊಡುತ್ತಿರಬೇಕು. ಶಾಲೆಯ ಪ್ರಶ್ನಾವಳಿ ಕೇಳಿದ್ದು ಇದಕ್ಕಾಗಿಯೇ. ಕಿವಿ, ಕಣ್ಣು ಮತ್ತು ನಿದ್ದೆಯ ತೊಂದರೆ, ಕಲಿಕಾ ನ್ಯೂನತೆ, ಕ್ಷಣಕಾಲ ಮೈಮರೆಸುವ ಬಗೆಯ ಮೂರ್ಛೆರೋಗ, ಇವು ಕೂಡ ಗಮನ ತಪ್ಪಿಸಬಲ್ಲವು. ಇವುಗಳನ್ನು ಪರಿಶೀಲಿಸಿದ್ದಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ತಂದೆ-ತಾಯಿಗೆ ತರಬೇತಿ ಕೊಡುತ್ತೇವೆ, ಗುಳಿಗೆ ಆಮೇಲಿನ ಮಾತು. ನಿಮ್ಮ ಮಗನ ವಯಸ್ಸಿನಲ್ಲಿ ಎರಡೂ ಜೊತೆಯಾಗಿ ಸಾಗಬೇಕು. 1999ರಲ್ಲಿ ಪ್ರಕಟವಾದ, ಉತ್ತರ ಅಮೆರಿಕದ 579 ಮಕ್ಕಳನ್ನು 14 ತಿಂಗಳು ಗಮನಿಸಿದ ಅಧ್ಯಯನವೊಂದರಲ್ಲಿ, ಎಚ್ಚರಿಕೆಯಿಂದ ಪ್ರಮಾಣ ಹೊಂದಿಸಿದ ಔಷಧವು ಕೇವಲ ವರ್ತನಾ ಚಿಕಿತ್ಸೆಗಿಂತ ಮುಖ್ಯ ಲಕ್ಷಣಗಳನ್ನು ಹೆಚ್ಚು ತಗ್ಗಿಸಿತು. ಎರಡನ್ನೂ ಪಡೆದ ಮಕ್ಕಳಿಗೆ ಕಡಿಮೆ ಪ್ರಮಾಣದ ಔಷಧ ಸಾಕಾಯಿತು. ಮಿಥೈಲ್‌ಫೆನಿಡೇಟ್ ಮಗುವನ್ನು ಮಂಪರಿಗೆ ತಳ್ಳುವ ಔಷಧವಲ್ಲ. ಸಾಮಾನ್ಯ ಗುಳಿಗೆ ಅರ್ಧ-ಒಂದು ಗಂಟೆಯಲ್ಲಿ ಕೆಲಸ ಆರಂಭಿಸಿ 3-4 ಗಂಟೆ ಇರುತ್ತದೆ. ಗುಳಿಗೆ ತೆಗೆದುಕೊಂಡ ಬಳಿಕ ಮಗು ಮಂಕಾಗಿ ಕುಳಿತರೆ ಪ್ರಮಾಣ ಹೆಚ್ಚಾಗಿರಬಹುದು, ವೈದ್ಯರಿಗೆ ಹೇಳಿ. ಆರಂಭಿಸುವ ಮೊದಲು ಎತ್ತರ, ತೂಕ, ನಾಡಿ, ರಕ್ತದೊತ್ತಡ ಬರೆಸಿಕೊಳ್ಳಿ. ಮನೆತನದಲ್ಲಿ ಹೃದ್ರೋಗ ಅಥವಾ ಚಿಕ್ಕ ವಯಸ್ಸಿನ ಹಠಾತ್ ಸಾವು ಇದ್ದರೆ ಮುಚ್ಚಿಡಬೇಡಿ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ದೂರವಲ್ಲ.

ಉತ್ತರ: ಇನ್ನೊಬ್ಬ ತಾಯಿ, ವಿಜಯಪುರ

ಅಕ್ಕಾವರೇ, ನನ್ನ ಮಗನಿಗೆ ಎರಡು ವರ್ಷದಿಂದ ಇದೇ ಗುಳಿಗೆ ನಡೆದಿದೆ. ನಮಗೆ ಎದುರಾದ ದೊಡ್ಡ ತೊಂದರೆ ಹಸಿವಿನದು: ಮಧ್ಯಾಹ್ನದ ಡಬ್ಬಿ ಮುಟ್ಟದೆ ಮರಳಿ ಬರುತ್ತಿತ್ತು, ಮೂರು ತಿಂಗಳಲ್ಲಿ ಒಂದು ಕಿಲೋ ಇಳಿದ. ಆಮೇಲೆ ವೈದ್ಯರ ಸಲಹೆಯಂತೆ ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹೊಟ್ಟೆತುಂಬ ತಿನ್ನಿಸಿ ಅದರ ನಂತರವೇ ಗುಳಿಗೆ ಕೊಡತೊಡಗಿದೆವು, ಹಸಿವು ಮರಳುವ ಸಂಜೆಯ ಹೊತ್ತಿಗೆ ಇನ್ನೊಂದು ಪೂರ್ತಿ ಊಟ ಇಟ್ಟೆವು. ತೂಕ ಸರಿಹೋಯಿತು. "ಸ್ನಾನ ಮಾಡು, ಬಟ್ಟೆ ಹಾಕು, ಪಾಟಿಚೀಲ ತುಂಬು" ಎಂದು ಒಂದೇ ಉಸಿರಿಗೆ ಹೇಳುವುದನ್ನು ಬಿಟ್ಟು, ಹತ್ತಿರ ಹೋಗಿ, ಮುಖ ನೋಡಿ, ಒಂದೊಂದೇ ಕೆಲಸ ಹೇಳುವುದನ್ನು ಕಲಿಯಲು ನನಗೇ ಅರ್ಧ ವರ್ಷ ಹಿಡಿಯಿತು. ಅದಕ್ಕೂ ಮೊದಲು ನಾನು ಅವನನ್ನು ಬಹಳ ಹೊಡೆದಿದ್ದೇನೆ. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಉತ್ತರ: ಪ್ರಾಥಮಿಕ ಶಾಲಾ ಶಿಕ್ಷಕ, ಜಮಖಂಡಿ

ಅವನನ್ನು ಕಿಟಕಿ-ಬಾಗಿಲಿನಿಂದ ದೂರ, ಮುಂದಿನ ಸಾಲಿನಲ್ಲಿ ಕೂರಿಸಲು ಶಾಲೆಯವರನ್ನು ವಿನಂತಿಸಿ. ಹತ್ತು ಲೆಕ್ಕಗಳ ಬದಲು ಮೂರು ಕೊಟ್ಟು, ಮುಗಿದೊಡನೆ ತಿದ್ದಿ, ನಡುವೆ ಹಾಜರಿ ಪುಸ್ತಕ ತಂದುಕೊಡುವಂತಹ ಓಡಾಟದ ಕೆಲಸ ಹೇಳಿದರೆ ಇಂಥ ಮಕ್ಕಳು ಮರಳಿ ಬಂದು ಕೂರುತ್ತಾರೆ. ಈ ಸಂದರ್ಭದಲ್ಲಿ ಇನ್ನೊಂದು ಮಾತನ್ನೂ ಹೇಳಬೇಕೆನಿಸುತ್ತದೆ: ಗದ್ದಲ ಮಾಡುವ ಹುಡುಗರನ್ನಷ್ಟೇ ನಾವು ವೈದ್ಯರ ಬಳಿ ಕಳಿಸುತ್ತೇವೆ. ಸುಮ್ಮನೆ ಕುಳಿತು ಎಲ್ಲೋ ಕಳೆದುಹೋಗುವ ಹೆಣ್ಣುಮಗುವಿಗೂ ಗಮನದ ಕೊರತೆಯೇ ಪ್ರಧಾನವಾದ ಇದೇ ತೊಂದರೆ ಇರಬಹುದು, ಅವಳನ್ನು ದಡ್ಡಿ ಎಂದು ಬಿಟ್ಟುಬಿಡುತ್ತೇವೆ.

ಪ್ರಶ್ನೆ ಕೇಳಿದವರು:

ತಮ್ಮೆಲ್ಲರಿಗೂ ಕೃತಜ್ಞತೆಗಳು. ಕಿವಿಯ ಪರೀಕ್ಷೆ ಆಗಿಲ್ಲ, ಅದನ್ನು ಈ ವಾರ ಮಾಡಿಸುತ್ತೇನೆ. ಮುಂದಿನ ಭೇಟಿಗೆ ಯಜಮಾನರನ್ನೂ ಅತ್ತೆಯವರನ್ನೂ ಕರೆದುಕೊಂಡು ಹೋಗುತ್ತೇನೆ; ಯಜಮಾನರ ಬಾಲ್ಯದ ಸಂಗತಿಗಳನ್ನು ಅತ್ತೆಯವರೇ ವೈದ್ಯರಿಗೆ ಹೇಳಲು ಒಪ್ಪಿದ್ದಾರೆ.