ಅಡಿಕೆ ಅಂಗಳದಲ್ಲಿ ಆರ್‌ಸಿ ಬಗ್ಗಿ: ಹಿಂದಿನ ಶಾಕ್ ಕಪ್ಪೆ ಥರ ಕುಪ್ಪಳಿಸುತ್ತಿದೆ

ಅಂಗಳದ ಡ್ರೈವರ್ (ಹೊಸನಗರ ತಾಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಏಪ್ರಿಲ್‌ನಲ್ಲಿ ಜಪಾನಿನ ತಮಿಯಾ ಕಂಪನಿಯ ಒಂದು ಆರ್‌ಸಿ (ರಿಮೋಟ್‌ನಲ್ಲಿ ಓಡಿಸುವ ಆಟದ ಕಾರು) ಕಿಟ್ ತರಿಸಿದೆ. 1/10 ಅಳತೆಯ ಟೂ ವೀಲ್ ಡ್ರೈವ್ ಆಫ್ ರೋಡ್ ಬಗ್ಗಿ. ರೆಡಿ ಕಾರಲ್ಲ, ಪೂರ್ತಿ ಬಿಡಿಬಿಡಿ. ಅಟ್ಟದಲ್ಲಿ ಅಪ್ಪನ ಹಳೇ ಪಂಚೆ ಹಾಸಿಕೊಂಡು ನಾಲ್ಕು ರಾತ್ರಿ ಕೂತು ಜೋಡಿಸಿದೆ. ಪಂಚೆ ಯಾಕೆ ಅಂದರೆ, ಕೈಜಾರಿದ ಸ್ಕ್ರೂ ಹಲಗೆ ಸಂದಿಯಲ್ಲಿ ಇಳಿದು ಸೀದಾ ನಡುಮನೆಗೆ ಬೀಳುತ್ತದೆ. ಒಂದು ಇ-ಕ್ಲಿಪ್ ಹಾಗೇ ಹೋಯಿತು, ಇವತ್ತಿಗೂ ಸಿಕ್ಕಿಲ್ಲ.

ಜೋಡಿಸುವ ಪುಸ್ತಕ ಮಾತ್ರ ಬಹಳ ಇಷ್ಟ ಆಯಿತು. ಸ್ಕ್ರೂಗಳ ಚಿತ್ರವನ್ನು ಅಸಲಿ ಅಳತೆಯಲ್ಲೇ ಮುದ್ರಿಸಿದ್ದಾರೆ. ಕೈಯಲ್ಲಿರುವ ಸ್ಕ್ರೂವನ್ನು ಪುಟದ ಮೇಲೆ ಮಲಗಿಸಿದರೆ 8 ಮಿ.ಮೀ.ದೋ 10 ಮಿ.ಮೀ.ದೋ ಗೊತ್ತಾಗಿಬಿಡುತ್ತದೆ. ಅಕ್ಷರ ಓದುವ ಕೆಲಸವೇ ಇಲ್ಲ.

ಓಡಿಸುವುದು ನಮ್ಮ ಅಡಿಕೆ ಅಂಗಳದಲ್ಲಿ. ಕೊಯ್ಲು ಮುಗಿದು ಖಾಲಿ ಬಿದ್ದಿದೆ. ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ನಾಲ್ಕು ಜೋಡಿಸಿ ಹಾರಿಸಲಿಕ್ಕೆ ಒಂದು ಇಳಿಜಾರು ಮಾಡಿಕೊಂಡಿದ್ದೇನೆ. ಕೆಳಗೆ ಗಟ್ಟಿ ಜಂಬಿಟ್ಟಿಗೆ ನೆಲ, ಮೇಲೆ ಒಂದು ಪದರ ಕೆಂಪು ಧೂಳು.

ಸಮಸ್ಯೆ ಈಗ ಕೇಳಿ. ದಬ್ಬೆಯಿಂದ ಹಾರಿ ಇಳಿದಾಗ ಮುಂಭಾಗ ಚೆನ್ನಾಗಿ ಕೂರುತ್ತದೆ, ಹಿಂಭಾಗ ಮಾತ್ರ ಕಪ್ಪೆ ಥರ ಮತ್ತೆ ಮೇಲೆ ಹಾರುತ್ತದೆ. ಇದು ಮೊದಲ ವಾರದ ಕಥೆ. ಈಗ ಇನ್ನೊಂದು ಶುರುವಾಗಿದೆ: ಎಡ ಹಿಂದಿನ ಶಾಕ್ (ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್) ಒತ್ತಿದರೆ ಒತ್ತಿದಲ್ಲೇ ನಿಲ್ಲುತ್ತದೆ, ಬಲದ್ದು ಜಿನುಗುತ್ತಿದೆ. ಥ್ರಾಟಲ್ ಕೊಟ್ಟರೆ ಬಾಲ ತಿರುಗಿ ಗಾಡಿ ಗಿರಕಿ ಹೊಡೆಯುತ್ತದೆ. ಜೊತೆಗೆ ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತದೆ. ಮೊನ್ನೆ ಹಾಗೇ ಎಳೆದುಕೊಂಡು ಹೋಗಿ ತೋಟದ ಅಗಳಕ್ಕೆ ಬಿತ್ತು.

ಗಟ್ಟಿ ಸ್ಪ್ರಿಂಗ್ ತರಿಸಲಾ? ಬೇರೆ ಟೈರಾ? ಮಳೆ ಹಿಡಿಯುವುದರೊಳಗೆ ಸರಿಮಾಡಬೇಕು.

ಸ್ಪೀಡು ಮುಖ್ಯ (ಶಿವಮೊಗ್ಗ)

ಕಿಟ್ ಜೊತೆ ಬರುವ 540 ಬ್ರಷ್ ಮೋಟಾರ್ ತೆಗೆದು ಬ್ರಷ್‌ಲೆಸ್ ಹಾಕಿ, ಅದು ಇನ್ನೂ ಜೋರಿನ ಮೋಟಾರ್. ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕಿ. ಆಗ ಮಜಾ ನೋಡಿ. ಸ್ಟಿಯರಿಂಗ್ ಎಳೆತಕ್ಕೆ ರಿಮೋಟ್‌ನಲ್ಲಿ ಟ್ರಿಮ್ (ಸ್ಟಿಯರಿಂಗ್ ನಡುವಿಗೆ ತರುವ ಗುಂಡಿ) ತಿರುಗಿಸಿದರೆ ಆಯಿತು, ಅದೇನು ದೊಡ್ಡ ವಿಷಯ ಅಲ್ಲ.

ಗುಡ್ಡದ ಟ್ರ್ಯಾಕ್ (ಸಾಗರ)

ಈಗಲೇ ಗಿರಕಿ ಹೊಡೆಯುವ ಗಾಡಿಗೆ ಬ್ರಷ್‌ಲೆಸ್ ಹಾಕಿದರೆ ಅಗಳ ಅಲ್ಲ, ಪಕ್ಕದ ಮನೆಯವರ ತೋಟಕ್ಕೇ ಹೋಗುತ್ತದೆ.

ಅಂಗಳದವರೇ, ಸದ್ಯಕ್ಕೆ ಏನನ್ನೂ ತರಿಸಬೇಡಿ. ಒಂದೇ ಪ್ರಶ್ನೆ: ಹಿಂದಿನ ಶಾಕ್‌ಗೆ ಹಾಕಿದ ಎಣ್ಣೆ ಯಾವುದು? ಮುಂದಿನದು ಸರಿಯಿದ್ದು ಹಿಂದಿನದು ಮಾತ್ರ, ಅದೂ ಎರಡೂ ಒಟ್ಟಿಗೆ ಕೆಟ್ಟಿವೆ ಅಂದರೆ ಸ್ಪ್ರಿಂಗ್ ಮೇಲೆ ನನಗೆ ಅನುಮಾನ ಇಲ್ಲ.

ಅಂಗಳದ ಡ್ರೈವರ್

ಸಿಕ್ಕಿಬಿದ್ದೆ. ಮುಂದಿನ ಎರಡು ಶಾಕ್ ತುಂಬಿಸಿದ ಮೇಲೆ ಕಿಟ್‌ನ ಎಣ್ಣೆ ಬಾಟಲಿಯನ್ನು ಅಕ್ಕನ ಮಗ ಒದ್ದ. ಪಂಚೆ ಅಷ್ಟನ್ನೂ ಕುಡಿಯಿತು. ಇನ್ನೊಂದು ಬಾಟಲಿಗೆ ಹತ್ತು ದಿನ ಕಾಯುವ ತಾಳ್ಮೆ ಇರಲಿಲ್ಲ. ನಮ್ಮೂರ ಗ್ಯಾರೇಜಿನಿಂದ ಬೈಕ್ ಫೋರ್ಕ್ ಆಯಿಲ್ ತಂದು ಹಾಕಿದೆ. 10ಡಬ್ಲ್ಯೂ. ಅದೂ ಶಾಕ್‌ಗೆ ಹಾಕೋದೇ ಅಲ್ವಾ?

ಎರಡು ಚಕ್ರ (ತೀರ್ಥಹಳ್ಳಿ)

ನಾನು ಬೈಕ್ ಮೆಕ್ಯಾನಿಕ್, ಆಟದ ಕಾರಿನ ಬಗ್ಗೆ ಏನೂ ಗೊತ್ತಿಲ್ಲ. ಆದರೆ ಒಂದು ಮಾತು. ಫೋರ್ಕ್ ಆಯಿಲ್ ಪೆಟ್ರೋಲಿಯಂ ಜಾತಿಯದು. ನಮ್ಮ ಫೋರ್ಕಿನ ಸೀಲ್ ನೈಟ್ರೈಲ್ ರಬ್ಬರ್, ಅದು ತಡೆಯುತ್ತದೆ. ನಿಮ್ಮದರಲ್ಲಿ ಯಾವ ರಬ್ಬರ್ ಇದೆ? ಎಣ್ಣೆ ಒಗ್ಗದ ರಬ್ಬರ್ ಆದರೆ ನೀರಲ್ಲಿ ನೆನೆದ ಕಡಲೆ ಥರ ಊದುತ್ತದೆ.

ಗುಡ್ಡದ ಟ್ರ್ಯಾಕ್ (ಸಾಗರ)

ಮೆಕ್ಯಾನಿಕ್ ಸಾಹೇಬರು ಸರಿಯಾಗಿ ಹಿಡಿದರು. ಇಂಥ ಕಿಟ್‌ಗಳ ಓ-ರಿಂಗ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಹೆಚ್ಚಾಗಿ ಸಿಲಿಕೋನ್ ರಬ್ಬರಿನದು. ಫೋರ್ಕ್ ಆಯಿಲ್‌ನಲ್ಲಿ ಅದು ಊದಿ ಒಳಗಿನ ಕಂಬಿಯನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಎಡದ್ದು ಒತ್ತಿದಲ್ಲೇ ನಿಂತಿದೆ. ಊದಿದ ರಿಂಗ್ ಆಕಾರ ಕೆಟ್ಟು ಬಿಟ್ಟುಕೊಂಡರೆ ಜಿನುಗುತ್ತದೆ, ಅದು ನಿಮ್ಮ ಬಲದ್ದು.

ಮೊದಲ ವಾರದ ಕಪ್ಪೆ ಕುಣಿತಕ್ಕೆ ಕಾರಣ ಬೇರೆ. 10ಡಬ್ಲ್ಯೂ ಅನ್ನುವ ಅಂಕಿ ನೋಡಿ ಮೋಸ ಹೋಗಬೇಡಿ. ಆರ್‌ಸಿ ಶಾಕ್ ಎಣ್ಣೆಯ ಮಂದವನ್ನು ಸಿಎಸ್‌ಟಿ (ಸೆಂಟಿಸ್ಟೋಕ್ಸ್) ಲೆಕ್ಕದಲ್ಲಿ ಹೇಳುತ್ತಾರೆ, ಅಂಕಿ ದೊಡ್ಡದಾದಷ್ಟೂ ಮಂದ. ಸಾಮಾನ್ಯವಾಗಿ ಹಾಕುವುದು 300ರಿಂದ 450ರ ಆಸುಪಾಸು. ಫೋರ್ಕ್ ಆಯಿಲ್ ಅದರ ಹತ್ತಿರಕ್ಕೂ ಬರುವುದಿಲ್ಲ, ಅದರ ಮುಂದೆ ಇದು ನೀರು. ಮೇಲಿಂದ ಮೇ ತಿಂಗಳ ಅಂಗಳದ ಬಿಸಿಲು, ಇನ್ನೂ ತೆಳ್ಳಗಾಗುತ್ತದೆ. ಆರ್‌ಸಿ ಶಾಕ್‌ನದು ಸಿಲಿಕೋನ್ ಎಣ್ಣೆ, ಅದು ಬಿಸಿಲಿಗೆ ಅಷ್ಟಾಗಿ ಬದಲಾಗುವುದಿಲ್ಲ. ಎಣ್ಣೆ ತೆಳ್ಳಗಿದ್ದರೆ ಸ್ಪ್ರಿಂಗನ್ನು ತಡೆಯುವವರೇ ಇಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿದ್ದರೆ ಇನ್ನೂ ಎತ್ತರಕ್ಕೆ ಹಾರುತ್ತಿತ್ತು.

ಶಾಕ್ ಪೂರ್ತಿ ಬಿಚ್ಚಿ. ಪಾತ್ರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಓ-ರಿಂಗ್ ಹೊಸದು ಹಾಕಿ, ಕಿಟ್‌ನ ಚೀಲದಲ್ಲಿ ಹೆಚ್ಚುವರಿ ಉಳಿದಿದೆಯಾ ಹುಡುಕಿ. ಕಂಬಿಯ ಚೂಡಿ (ಸ್ಕ್ರೂ ಥರದ ಗೆರೆ) ರಿಂಗನ್ನು ಕೊಯ್ಯುತ್ತದೆ, ತೂರಿಸುವ ಮೊದಲು ಒಂದು ಹನಿ ಎಣ್ಣೆ ಸವರಿ. ತುಂಬುವಾಗ ಕಂಬಿ ಕೆಳಗೆ ಎಳೆದಿರಲಿ. ಎಣ್ಣೆ ಹಾಕಿ ಪಿಸ್ಟನ್ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಆಗ ಮುಚ್ಚಳ ಹಾಕಬೇಡಿ. ಒಂದು ಲೋಟಕ್ಕೆ ನೆಟ್ಟಗೆ ಒರಗಿಸಿಟ್ಟು ಕಾಫಿ ಕುಡಿದು ಬನ್ನಿ. ಗುಳ್ಳೆ ಪೂರ್ತಿ ಹೋದ ಮೇಲೆ ಮುಚ್ಚಳ. ಮುಚ್ಚುವಾಗ ಒಂದಿಷ್ಟು ಎಣ್ಣೆ ಹೊರಗೆ ಚೆಲ್ಲಬೇಕು, ಚೆಲ್ಲದಿದ್ದರೆ ಒಳಗೆ ಗಾಳಿ ಉಳಿದಿದೆ ಅಂತಲೇ ಲೆಕ್ಕ. ಆಮೇಲೆ ಸ್ಪ್ರಿಂಗ್ ಹಾಕದೆ ಎಡದ್ದು ಬಲದ್ದು ಎರಡನ್ನೂ ಒಟ್ಟಿಗೆ ಒತ್ತಿ ನೋಡಿ. ಬೆರಳಿಗೆ ಒಂದೇ ಥರ ಸಿಗಬೇಕು.

ಶಾಕ್ ಬಿಚ್ಚಿದಾಗಲೇ ಇನ್ನೊಂದು ನೋಡಿಬಿಡಿ. ಹಿಂದಿನ ಆರ್ಮ್ (ಚಕ್ರ ಹಿಡಿದಿರುವ ತೋಳು) ಎತ್ತಿ ಬಿಟ್ಟರೆ ತನ್ನ ಭಾರಕ್ಕೇ ತಾನೇ ಕೆಳಗೆ ಬೀಳಬೇಕು. ಬೀಳದಿದ್ದರೆ ಅದರ ಕೀಲಿನ ಸ್ಕ್ರೂ ಪಿನ್ ಅತಿಯಾಗಿ ಬಿಗಿದಿದ್ದೀರಿ. ಕಾಲು ಸುತ್ತು ಸಡಿಲಿಸಿ. ಬೆಂಗಳೂರಲ್ಲಿದ್ದಾಗ ಹೊಸಬರ ಗಾಡಿ ನೋಡುವಾಗ ನಾನು ಮೊದಲು ಮುಟ್ಟುತ್ತಿದ್ದದ್ದೇ ಇದನ್ನು. ಹತ್ತರಲ್ಲಿ ಏಳು ಗಾಡಿಯ ಆರ್ಮ್ ಬಾಗಿಲ ಕೀಲು ತುಕ್ಕು ಹಿಡಿದ ಹಾಗೆ ಬಿಗಿದಿರುತ್ತಿತ್ತು. ಸ್ಕ್ರೂ ಅಂದಾಗ ನೆನಪಾಯಿತು, ತಮಿಯಾದ ಸ್ಕ್ರೂ ತಲೆ ಜಿಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯದು. ಮಾಮೂಲಿ ಸ್ಟಾರ್ ಡ್ರೈವರ್ ಹಾಕಿದರೆ ಜಾರಿ ತಲೆ ಸವೆಯುತ್ತದೆ.

ಸ್ಟಿಯರಿಂಗ್‌ಗೆ ಟ್ರಿಮ್ ಮದ್ದಲ್ಲ. ಸರ್ವೋ (ಸ್ಟಿಯರಿಂಗ್ ತಿರುಗಿಸುವ ಪುಟ್ಟ ಮೋಟಾರ್) ಮೇಲೆ ಹಾರ್ನ್ ಅನ್ನುವ ಅದರ ಕೈ ಕೂರಿಸುವಾಗ ಕರೆಂಟ್ ಕೊಟ್ಟಿದ್ದಿರಾ? ಮೊದಲು ರಿಮೋಟ್ ಆನ್, ಟ್ರಿಮ್ ನಡುವಿಗೆ, ಆಮೇಲೆ ಗಾಡಿ ಆನ್. ಸರ್ವೋ ನಡುವಿಗೆ ಬಂದು ನಿಂತ ಮೇಲೆ ಹಾರ್ನ್ ಕೂರಿಸಬೇಕು. ಆಫ್ ಮಾಡುವಾಗ ಉಲ್ಟಾ, ಗಾಡಿ ಮೊದಲು, ರಿಮೋಟ್ ಕೊನೆಗೆ. ಚಕ್ರ ತಿರುಗಿಸುವ ಎರಡೂ ಕಡೆಯ ರಾಡ್ ಸ್ಕೇಲ್ ಇಟ್ಟು ಅಳೆಯಿರಿ, ಉದ್ದ ಒಂದೇ ಇರಲಿ.

ಬಾಲ ತಿರುಗುವುದಕ್ಕೆ ಸದ್ಯ ಮದ್ದು ಬೇಡ. ಹಿಂದಿನ ಶಾಕ್ ಸತ್ತಿರುವಾಗ ಟೈರ್ ನೆಲ ಹಿಡಿಯುವುದಾದರೂ ಹೇಗೆ? ಅದು ಸರಿಯಾದ ಮೇಲೂ ಜಾರಿದರೆ ಸಣ್ಣ ಮುಳ್ಳಿನ ಟೈರ್ ನೋಡೋಣ.

ಅಂಗಳದ ಡ್ರೈವರ್

ಎಣ್ಣೆ ಎಲ್ಲಿ ಹುಡುಕಲಿ? ಆನ್‌ಲೈನಲ್ಲಿ ಸಣ್ಣ ಬಾಟಲಿಗೆ ಎಣ್ಣೆಗಿಂತ ಕೊರಿಯರ್ ಚಾರ್ಜೇ ಜಾಸ್ತಿ.

ಗುಡ್ಡದ ಟ್ರ್ಯಾಕ್ (ಸಾಗರ)

ಯಾರ ಮನೆಯಲ್ಲಾದರೂ ಟ್ರೆಡ್‌ಮಿಲ್ ಇದೆಯಾ? ಅದರ ಬೆಲ್ಟ್‌ಗೆ ಹಾಕುವುದೂ ಸಿಲಿಕೋನ್ ಎಣ್ಣೆಯೇ. ಬಾಟಲಿ ಮೇಲೆ 350 ಸಿಎಸ್‌ಟಿ ಅಂತಲೋ ಅದರ ಹತ್ತಿರದ್ದೋ ಬರೆದಿದ್ದರೆ, ಜೊತೆಗೆ ಶುದ್ಧ ಸಿಲಿಕೋನ್ ಅಂತ ಇದ್ದರೆ ನಡೆಯುತ್ತದೆ. ಅಂಕಿ ಇಲ್ಲದಿದ್ದರೆ ಮುಟ್ಟಬೇಡಿ. ಸ್ಪ್ರೇ ಡಬ್ಬಿಯದು ಬೇಡವೇ ಬೇಡ.

ಅಂಗಳದ ಡ್ರೈವರ್

ಹನ್ನೊಂದು ದಿನದ ಮೇಲೆ ಬರೆಯುತ್ತಿದ್ದೇನೆ.

ರಿಪ್ಪನ್‌ಪೇಟೆ ಚಿಕ್ಕಪ್ಪನ ಮನೆಯಲ್ಲಿ ಟ್ರೆಡ್‌ಮಿಲ್ ಇದೆ. ಲಾಕ್‌ಡೌನ್‌ನಲ್ಲಿ ತಂದದ್ದು. ಈಗ ಅದರ ಮೇಲೆ ಮಳೆಗಾಲದ ಕಂಬಳಿ ಮಡಚಿಟ್ಟಿದ್ದಾರೆ. ಕೆಳಗೆ ಎಣ್ಣೆ ಬಾಟಲಿ ಸೀಲ್ ಕೂಡ ಒಡೆಯದೆ ಕೂತಿತ್ತು. 350. ಚಿಕ್ಕಪ್ಪ ಏನೂ ಕೇಳದೆ ಕೊಟ್ಟುಬಿಟ್ಟರು, ಚಿಕ್ಕಮ್ಮ ಮಾತ್ರ ಟ್ರೆಡ್‌ಮಿಲ್ಲನ್ನೂ ತಗೊಂಡು ಹೋಗು ಅಂದರು.

ಹಳೇ ಓ-ರಿಂಗ್ ತೆಗೆದು ಹೊಸದರ ಪಕ್ಕ ಇಟ್ಟೆ. ಪಂಚೆಯ ಮೇಲೆ ಎರಡೂ ಅಕ್ಕಪಕ್ಕ. ಹಳೇದು ಬರಿಗಣ್ಣಿಗೇ ದಪ್ಪ ಕಾಣುತ್ತಿತ್ತು, ಉಗುರಲ್ಲಿ ಒತ್ತಿದರೆ ಬೇಯಿಸಿದ ಹಲಸಿನ ತೊಳೆ ಥರ ಮೆತ್ತಗೆ. ನೀವು ಸುಮ್ನೆ ಅಂದಾಜಿಗೆ ಹೇಳಿದ್ದಲ್ಲ ಅಂತ ಆಗ ಗೊತ್ತಾಯಿತು.

ಆರ್ಮ್ ವಿಷಯವೂ ನಿಜ. ಬಲದ್ದು ಬಿಟ್ಟರೆ ಬಿತ್ತು, ಎಡದ್ದು ಗಾಳಿಯಲ್ಲೇ ನಿಂತುಕೊಂಡಿತು. ಕಾಲು ಸುತ್ತು ಸಾಲಲಿಲ್ಲ, ಅರ್ಧ ಸುತ್ತು ಬೇಕಾಯಿತು. ಸರ್ವೋ ಹಾರ್ನ್ ಒಂದು ಹಲ್ಲು ಎಡಕ್ಕೆ ಕೂತಿತ್ತು. ನಾನು ಕರೆಂಟ್ ಕೊಡದೆ ಕಣ್ಣಳತೆಯಲ್ಲಿ ಕೂರಿಸಿದ್ದೆ.

ಗಾಡಿಯನ್ನು ಒಂದು ಗೇಣು ಎತ್ತಿ ಕೈಬಿಟ್ಟೆ. ಧಪ್ ಅಂತ ಕೂತಿತು. ಮೇಲೇಳಲಿಲ್ಲ. ನಾಲ್ಕು ಸಲ ಹಾಗೇ ಬೀಳಿಸಿದೆ, ಅಮ್ಮ ಒಳಗಿಂದ ಏನದು ತೆಂಗಿನಕಾಯಿ ಬಿತ್ತಾ ಅಂದರು.

ಬಾಲ ಇನ್ನೂ ಸ್ವಲ್ಪ ಜಾರುತ್ತದೆ, ಆದರೆ ಗಿರಕಿ ಇಲ್ಲ. ಥ್ರಾಟಲ್ ಮೆಲ್ಲಗೆ ಒತ್ತಿದರೆ ದಬ್ಬೆ ದಾಟಿ ತುಳಸಿಕಟ್ಟೆ ಸುತ್ತಿ ಒಂದೇ ಉಸಿರಿಗೆ ವಾಪಸ್ ಬರುತ್ತದೆ.

ಮೊನ್ನೆ ಸಂಜೆ ಮೊದಲ ಮಳೆ ಬಿತ್ತು, ತಡೆಯದೆ ಅದರಲ್ಲೂ ಒಂದು ಸುತ್ತು ಓಡಿಸಿದೆ. ಈಗ ಮುಂದಿನ ಚಕ್ರ ತಿರುಗಿಸಿದರೆ ಕರಕರ ಸದ್ದು. ಬೇರಿಂಗ್ ಒಳಗೆ ಕೆಸರು ಹೋಗಿರಬೇಕು, ಅಲ್ವಾ?

ಎರಡು ಚಕ್ರ (ತೀರ್ಥಹಳ್ಳಿ)

ಇದು ನನ್ನ ಇಲಾಖೆ. ಬೇರಿಂಗ್ ಹೊರತೆಗೆದು ಸೀಮೆಎಣ್ಣೆಯಲ್ಲಿ ಅದ್ದಿ ಬೆರಳಲ್ಲಿ ತಿರುಗಿಸಿ. ಕೆಸರು ಬಿಟ್ಟ ಮೇಲೆ ಪೂರ್ತಿ ಒಣಗಿಸಿ ಒಂದೇ ಹನಿ ಮೆಷಿನ್ ಆಯಿಲ್. ಆಮೇಲೂ ಕರಕರ ಅಂದರೆ ಗುಂಡು ತುಕ್ಕು ಹಿಡಿದಿದೆ, ಬದಲಾಯಿಸಿ.

ಗುಡ್ಡದ ಟ್ರ್ಯಾಕ್ (ಸಾಗರ)

ಅದಕ್ಕೆ ಮೊದಲು ಒಳಗಿರುವುದು ಬೇರಿಂಗೇನಾ ನೋಡಿ. ಎಷ್ಟೋ ಕಿಟ್‌ನಲ್ಲಿ ಬರೀ ಪ್ಲಾಸ್ಟಿಕ್ ಬುಷ್ (ಗುಂಡಿಲ್ಲದ ಬಳೆ) ಇರುತ್ತದೆ. ಬುಷ್ ಆದರೆ ತೊಳೆದು ಪ್ರಯೋಜನ ಇಲ್ಲ. ಸ್ಕೇಲ್ ಹಿಡಿದು ಹೊರವ್ಯಾಸ, ಒಳವ್ಯಾಸ, ದಪ್ಪ ಮೂರೂ ಬರೆದು ಹಾಕಿ. 11, 5, 4 ಮಿ.ಮೀ. ಬಂದರೆ ನನ್ನ ಹತ್ತಿರ ನಾಲ್ಕು ಉಳಿದಿವೆ, ಸಾಗರ ಕಡೆ ಬಂದಾಗ ತಗೊಂಡು ಹೋಗಿ.