‘ಕಂಡುಹಿಡಿದರು’ ಎನ್ನಬಹುದೆ? ಶಾಸನದ ಫಲಕಕ್ಕೊಂದು ಕ್ರಿಯಾಪದ ಬೇಕು

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಪ್ರದರ್ಶನಕ್ಕೆ ಕನ್ನಡ ಫಲಕಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಮ್ಮ ನಾಡಿನಲ್ಲಿ ಪುರಾತತ್ತ್ವ ಬೆಳೆದು ಬಂದ ಬಗೆಯೇ ಅದರ ವಿಷಯ. ಯಾರು ಎಲ್ಲಿ ಅಗೆದರು, ಯಾವ ಕಲ್ಲನ್ನು ಯಾರು ಓದಿದರು, ಯಾವುದು ಎಲ್ಲಿಂದ ಸಂಗ್ರಹಾಲಯಕ್ಕೆ ಬಂತು ಎನ್ನುವುದನ್ನೆಲ್ಲ ಹೇಳಬೇಕು. ಜೊತೆಗೆ ಅರ್ಧ ಗಂಟೆಯ ಉಪನ್ಯಾಸವೂ ಇದೆ. 22 ಫಲಕಗಳಲ್ಲಿ 18 ಮುಗಿದಿವೆ. ಉಳಿದ ನಾಲ್ಕೂ ಒಂದೇ ಕ್ರಿಯಾಪದಕ್ಕೆ ತಗುಲಿಕೊಂಡು ನಿಂತಿವೆ.

ನನಗೆ ಕೊಟ್ಟ ಇಂಗ್ಲಿಷ್ ಕರಡಿನಲ್ಲಿ ಎಲ್ಲ ಕಡೆಯೂ ‘ಡಿಸ್ಕವರ್ಡ್’ ಎಂದಿದೆ. ಕೈಗೆ ಬಂದಂತೆ ನಾನೂ ‘ಕಂಡುಹಿಡಿದರು’ ಎಂದು ಬರೆದುಕೊಂಡು ಹೋದೆ. “1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದರು.” (ರೈಸ್ ಮೈಸೂರಿನ ಪುರಾತತ್ತ್ವ ಇಲಾಖೆಯನ್ನು ನಡೆಸಿದವರು.) ವ್ಯಾಕರಣದ ತಪ್ಪೇನೂ ಇಲ್ಲ. ಶಾಲೆಯಲ್ಲಿ ನಾವೆಲ್ಲ ಓದಿದ್ದೂ ಹೀಗೆಯೇ. ಆದರೆ ಅದೇ ಫಲಕದ ಎರಡನೆಯ ಸಾಲಿಗೆ ಬಂದಾಗ ಕೈ ತಡೆಯಿತು. ಮೊಳಕಾಲ್ಮುರು ತಾಲ್ಲೂಕಿನ ಆ ಬಂಡೆಗೆ ಊರವರು ಇಟ್ಟ ಹೆಸರು ‘ಅಕ್ಷರಗುಂಡು’. ಅದನ್ನು ತೊಳೆದ ನೀರು ಔಷಧಿ ಎಂಬ ನಂಬಿಕೆಯೂ ಇತ್ತಂತೆ.

ಈ ಹೆಸರನ್ನು ನಾನು ಎಷ್ಟು ಸಲ ಬಾಯಲ್ಲಿ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಶಾಸನದ ಲಿಪಿ ಬ್ರಾಹ್ಮಿ. ಅದರ ಓದು ಮರೆತು ಎಷ್ಟೋ ಶತಮಾನಗಳು ಕಳೆದಿದ್ದವು. ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷ್ ವಿದ್ವಾಂಸರು ಅದನ್ನು ಬಿಡಿಸಿದ್ದೇ 1837ರಲ್ಲಿ. ಅಂದರೆ ಅದಕ್ಕೆ ಮೊದಲು ಬ್ರಹ್ಮಗಿರಿಯ ಪಕ್ಕದ ಸಿದ್ದಾಪುರದ ಸುತ್ತಿನ ಯಾರಿಗೂ ಅಲ್ಲಿ ಬರೆದದ್ದರ ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ. ಆದರೂ ಅವರು ಅದನ್ನು ಗೀಚು ಎನ್ನಲಿಲ್ಲ, ಚಿತ್ರ ಎನ್ನಲಿಲ್ಲ. ಅಕ್ಷರ ಎಂದರು. ಕೆಲವೇ ಮೈಲಿ ದೂರದ ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅದೇ ವರ್ಷ ರೈಸ್ ಅಶೋಕನ ಶಾಸನವನ್ನು ಗುರುತಿಸಿದರು. ಆ ಬಂಡೆ ಊರವರಿಗೆ ‘ಬಳೆಗಾರ ಗುಂಡು’. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುವ ಜಾಗವಾದ್ದರಿಂದ ಆ ಹೆಸರು. ಅಲ್ಲಿ ಅಕ್ಷರ ಯಾರ ಕಣ್ಣಿಗೂ ಮುಖ್ಯವಾಗಲಿಲ್ಲ. ಎರಡೂ ಫಲಕಕ್ಕೆ ನಾನು ಒಂದೇ ಕ್ರಿಯಾಪದ ಹಾಕಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

‘ಕಂಡುಹಿಡಿ’ಯನ್ನು ಬಿಡಿಸಿದರೆ ಕಾಣು, ಹಿಡಿ. ಈಗ ಟೆಲಿಫೋನನ್ನೂ ಕಂಡುಹಿಡಿಯುತ್ತಾರೆ, ಔಷಧಿಯನ್ನೂ ಕಂಡುಹಿಡಿಯುತ್ತಾರೆ, ಕಳ್ಳನನ್ನೂ ಕಂಡುಹಿಡಿಯುತ್ತಾರೆ. ಇಲ್ಲದ್ದನ್ನು ಮಾಡುವುದಕ್ಕೂ ಮರೆಯಾದದ್ದನ್ನು ಹುಡುಕುವುದಕ್ಕೂ ಅದೇ ಮಾತು. ಅಕ್ಷರಗುಂಡಿನ ಸಂಗತಿ ಎರಡೂ ಅಲ್ಲ. ಬಂಡೆ ಕಳೆದುಹೋಗಿರಲಿಲ್ಲ, ಓದು ಕಳೆದುಹೋಗಿತ್ತು.

ಹಾಗಾದರೆ ಬೇರೆ ಯಾವ ಮಾತು? ಪತ್ರಿಕೆಗಳಲ್ಲಿ ವಾರಕ್ಕೊಮ್ಮೆಯಾದರೂ ‘ಹೊಯ್ಸಳರ ಕಾಲದ ವೀರಗಲ್ಲು ಪತ್ತೆ’ ಎಂಬ ತಲೆಬರಹ ಬರುತ್ತದೆ. ‘ಪತ್ತೆ’ ಚಿಕ್ಕದು, ಎಲ್ಲರಿಗೂ ಗೊತ್ತಿರುವುದು. ಆದರೆ ನನ್ನ ಕಿವಿಗೆ ಅದರಲ್ಲಿ ಪತ್ತೇದಾರಿಯ ಸದ್ದು ಕೇಳುತ್ತದೆ. ಕಲ್ಲು ಎಲ್ಲೋ ತಲೆಮರೆಸಿಕೊಂಡಿತ್ತು ಎಂದಂತಾಗುತ್ತದೆ. ‘ಬೆಳಕಿಗೆ ತಂದರು’ ಎನ್ನೋಣವೆಂದರೆ ಬಂಡೆ ಬಿಸಿಲಿನಲ್ಲೇ ನಿಂತಿತ್ತು. ‘ಶೋಧಿಸಿದರು’ ಎಂಬುದನ್ನು ನಾನು ಮೊದಲು ಭಾರವೆಂದು ಬದಿಗಿಟ್ಟಿದ್ದೆ. ಆಮೇಲೆ ಅಡುಗೆಮನೆಯ ಶೋಧಿಸುವುದು ನೆನಪಾಯಿತು. ಬಟ್ಟೆಯಲ್ಲಿ ಶೋಧಿಸಿ ಎನ್ನುತ್ತೇವಲ್ಲ, ಅದು. ಉತ್ಖನನದಲ್ಲಿ ಅಗೆದ ಮಣ್ಣನ್ನು ಜರಡಿ ಹಿಡಿದು ಮಣಿ, ನಾಣ್ಯ ಆರಿಸುತ್ತಾರೆ. ಅಂಥ ಕಡೆ ಶೋಧ ಎಂಬ ಮಾತು ಸರಿಯಾಗಿ ಕೂರುತ್ತದೆ. ಹಾಗಾಗಿ ಪುರಾತತ್ತ್ವಜ್ಞ ಎಂ.ಎಚ್. ಕೃಷ್ಣ ಅವರು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆಸಿದಾಗ ಸಿಕ್ಕ ನಾಣ್ಯಗಳ ಫಲಕದಲ್ಲಿ ಅದನ್ನೇ ಉಳಿಸಿಕೊಂಡಿದ್ದೇನೆ.

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿರುವ ಅಶೋಕನ ಶಾಸನದ ಫಲಕ ನನಗೆ ದಾರಿ ತೋರಿಸಿತು. 1915ರಲ್ಲಿ ಅಲ್ಲಿನ ಬಂಡೆಯ ಮೇಲೆ ಅಕ್ಷರಗಳಿರುವುದನ್ನು ಗಮನಿಸಿದವರು ಬೀಡನ್ ಎಂಬ ಗಣಿ ಎಂಜಿನಿಯರ್. ಅವರು ಬಂದದ್ದು ಚಿನ್ನ ಹುಡುಕಿಕೊಂಡು. ಶಾಸನವನ್ನು ಓದಿ ಪ್ರಕಟಿಸಿದವರು ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿ. ಅಲ್ಲಿಯವರೆಗೆ ಸಿಕ್ಕಿದ್ದ ಅಶೋಕನ ಶಾಸನಗಳಲ್ಲಿ ರಾಜನಿಗೆ ಬರೀ ಬಿರುದುಗಳಿದ್ದವು, ದೇವಾನಂಪಿಯ, ಪಿಯದಸಿ ಎಂದು. ಮಸ್ಕಿಯಲ್ಲಿ ‘ಅಸೋಕಸ’ (ಅಶೋಕನ) ಎಂದು ಹೆಸರೇ ಇತ್ತು. ಇಲ್ಲಿ ‘ಕಂಡುಹಿಡಿದವರು’ ಯಾರು? ಇಂಗ್ಲಿಷ್ ಕರಡು ಬೀಡನ್ ಒಬ್ಬರನ್ನೇ ಹೇಳುತ್ತದೆ. ನಾನು ಎರಡು ಕ್ರಿಯಾಪದ ಹಾಕಿದೆ: ಬೀಡನ್ ಕಂಡರು, ಕೃಷ್ಣಶಾಸ್ತ್ರಿ ಓದಿದರು. ಫಲಕಕ್ಕೆ ಇಷ್ಟೇ ಸಾಕು ಎನಿಸಿತು. ಕೃಷ್ಣಶಾಸ್ತ್ರಿಗಳ ಹೆಸರು ಹೀಗಾದರೂ ಗೋಡೆಗೆ ಬಂತಲ್ಲ ಎಂಬ ಸಂತೋಷವೂ ಇದೆ.

ಹಲ್ಮಿಡಿಯ ಕನ್ನಡ ಶಾಸನಕ್ಕೂ ಇದೇ ದಾರಿ. 1936ರ ಫಲಕದಲ್ಲಿ ಎಂ.ಎಚ್. ಕೃಷ್ಣ ಅವರು ‘ಓದಿ ಪ್ರಕಟಿಸಿದರು’ ಎಂದಿದೆ. ಆ 16 ಸಾಲುಗಳ ಮಟ್ಟಿಗೆ ಓದಿದ್ದೇ ದೊಡ್ಡ ಕೆಲಸ.

ಇದರ ನಡುವೆ ಪಡಿಯಚ್ಚು ತೆಗೆಯುವುದನ್ನು ಎದುರು ನಿಂತು ನೋಡಿದೆ. ಕಲ್ಲನ್ನು ನೀರು ಹಾಕಿ ಉಜ್ಜಿದರು. ಒದ್ದೆ ಕಾಗದ ಹಾಸಿ, ಗಡುಸು ಕೂದಲಿನ ಬ್ರಷ್ಷಿನಿಂದ ಬಡಿದು ಬಡಿದು ಕಾಗದವನ್ನು ಅಕ್ಷರದ ತಗ್ಗುಗಳಿಗೆ ಇಳಿಸಿದರು. ಮೇಲೆ ಮಸಿ ತಟ್ಟಿದರು. ಕಾಗದದ ಮೈ ಕಪ್ಪಾಗುತ್ತ ಹೋದಂತೆ ತಗ್ಗಿನ ಅಕ್ಷರ ಬೆಳ್ಳಗೆ ಉಳಿಯಿತು. ಸ್ವಲ್ಪ ಹೊತ್ತಿನ ಹಿಂದೆ ಒರಟು ಕಲ್ಲಾಗಿ ಕಂಡದ್ದು ಸಾಲು ಸಾಲಾಗಿ ನಿಂತಿತು. ಮಸಿ ತಟ್ಟುತ್ತಿದ್ದವರು ಹಿಂದಕ್ಕೆ ಸರಿದು, “ಎರಡನೇ ಸಾಲೂ ಎದ್ದಿತು ನೋಡಿ” ಎಂದರು. ಅಕ್ಷರ ಏಳುವುದು! ಈ ಬಳಕೆ ನಾನು ಮೊದಲು ಕೇಳಿರಲಿಲ್ಲ. ಶಾಸನದ ಕೆಲಸ ಮಾಡಿದವರು ನಿಮ್ಮಲ್ಲಿದ್ದರೆ, ನೀವೂ ಹೀಗೆ ಹೇಳುತ್ತೀರಾ, ತಿಳಿಸಿ.

ಇನ್ನೊಂದು ಪ್ರಶ್ನೆ ‘ದೊರೆತ ಸ್ಥಳ’ ಎಂಬುದರದು. ಪ್ರತಿ ಫಲಕದ ಕೆಳಗೆ ಈ ಸಾಲು ಬೇಕಂತೆ. ನೆಲದಿಂದ ತೆಗೆದ ಮಡಕೆಗೆ ಸರಿ. ಆದರೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲಿಗೆ? ಹಂದಿಯೊಡನೆ ಸೆಣಸಿ ಸತ್ತ ‘ಕಾಳಿ’ ಎಂಬ ನಾಯಿಯ ನೆನಪಿಗೆ ಸುಮಾರು 949ರಲ್ಲಿ ನಿಲ್ಲಿಸಿದ ಕಲ್ಲದು. ಅದನ್ನು ಪೂಜಿಸದೆ ಗೊರವನು (ಶೈವ ಪೂಜಾರಿ) ಉಣ್ಣಬಾರದೆಂದು ಶಾಸನದಲ್ಲೇ ಕಟ್ಟಳೆಯಿದೆ. ಅಷ್ಟು ಬೇಕಾಗಿ ನಿಲ್ಲಿಸಿದ ಕಲ್ಲನ್ನು ‘ದೊರೆಯಿತು’ ಎಂದು ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. ಮನುಷ್ಯರನ್ನು ಕೇಳುವ ಹಾಗೆ ‘ಊರು: ಆತಕೂರು, ಮಂಡ್ಯ ಜಿಲ್ಲೆ’ ಎಂದುಬಿಟ್ಟರೆ ಹೇಗೆ? ಓದುಗರಿಗೆ ಗೊಂದಲವಾಗದು ಎಂದು ನನ್ನ ನಂಬಿಕೆ. ಆದರೆ ಪರಿಭಾಷೆಯ ಕಟ್ಟುನಿಟ್ಟಿನವರು ಒಪ್ಪುತ್ತಾರೋ ಇಲ್ಲವೋ.

ಗಂಗಾವತಿ, ಕೊಪ್ಪಳದ ಕಡೆಯವರಿಗೆ: ಹಿರೇಬೆಣಕಲ್ ಬೆಟ್ಟದ ಮೇಲಿನ ಕಲ್ಲುಮನೆಗಳನ್ನು (ಚಪ್ಪಡಿಗಳಿಂದ ಕಟ್ಟಿದ ಪುರಾತನ ಸಮಾಧಿಗಳನ್ನು) ನಿಮ್ಮ ಮನೆಯಲ್ಲಿ ‘ಮೋರ್ಯರ ಮನೆ’ ಎನ್ನುತ್ತಾರೋ ‘ಮೊರೇರ ಮನೆ’ ಎನ್ನುತ್ತಾರೋ? ‘ಡಾಲ್ಮೆನ್’ ಎಂಬ ಇಂಗ್ಲಿಷ್ ಹೆಸರನ್ನು ಸಣ್ಣ ಅಕ್ಷರಕ್ಕೆ ಇಳಿಸಿ ನಿಮ್ಮ ಮಾತನ್ನೇ ತಲೆಬರಹ ಮಾಡಬೇಕೆಂದಿದ್ದೇನೆ. ನವಶಿಲಾಯುಗದ ಬೂದಿಯ ರಾಶಿಗಳಿಗೆ ನಿಮ್ಮ ಕಡೆ ಬೂದಿದಿಬ್ಬ ಎನ್ನುತ್ತಾರೋ ಬೂದಿಗುಡ್ಡ ಎನ್ನುತ್ತಾರೋ, ಬಳ್ಳಾರಿಯವರು ಹೇಳಿ.

ಉಪನ್ಯಾಸದ ಹೆಸರೂ ಬಗೆಹರಿದಿಲ್ಲ. ‘ಪುರಾತತ್ತ್ವದ ಇತಿಹಾಸ’ ಎಂದರೆ ಕೇಳಿದವರೆಲ್ಲ ಹಳೆಯ ವಸ್ತುಗಳ ಇತಿಹಾಸ ಎಂದೇ ತಿಳಿಯುತ್ತಾರೆ. ‘ಪ್ರಾಚ್ಯವಸ್ತು’ ಎನ್ನೋಣವೆಂದರೆ ‘ಪ್ರಾಚ್ಯ’ಕ್ಕೆ ಮೂಡಣ ಎಂಬ ಅರ್ಥವೂ ಅಂಟಿಕೊಂಡಿದೆ. ರೈಸ್ ನಂತರ ಮೈಸೂರಿನ ಇಲಾಖೆ ನಡೆಸಿದ ಆರ್. ನರಸಿಂಹಾಚಾರ್ಯರಿಗೆ ‘ಪ್ರಾಕ್ತನ ವಿಮರ್ಶ ವಿಚಕ್ಷಣ’ ಎಂಬ ಬಿರುದಿತ್ತು. ‘ಪ್ರಾಕ್ತನ ವಿಮರ್ಶೆ’ಯಲ್ಲಿ ಹಳತೂ ಇದೆ, ಅದನ್ನು ಪರೀಕ್ಷಿಸುವವರೂ ಇದ್ದಾರೆ. ಮತ್ತೆ ಬಳಕೆಗೆ ತರಲು ಯೋಗ್ಯವಾದ ಮಾತು ಎಂದೇ ನನ್ನ ಅಭಿಪ್ರಾಯ. ಪೋಸ್ಟರಿಗೆ ಹಾಕುವ ಧೈರ್ಯಕ್ಕೆ ನಿಮ್ಮಲ್ಲಿ ನಾಲ್ಕು ಜನರಾದರೂ ಹೂಂ ಅನ್ನಬೇಕು.

ಬ್ರಹ್ಮಗಿರಿಯ ಫಲಕ ಈಗ ಹೀಗಿದೆ:

“ಊರವರು ಅಕ್ಷರಗುಂಡು ಎಂದು ಕರೆಯುತ್ತ ಬಂದ ಬಂಡೆ. ಇದರ ಮೇಲಿರುವುದು ಅಶೋಕನ ಶಾಸನವೆಂದು 1892ರಲ್ಲಿ ಬಿ.ಎಲ್. ರೈಸ್ ಗುರುತಿಸಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನು ಚಪಡ.”

‘ಗುರುತಿಸಿದರು’ ನಿಮಗೆ ಒಪ್ಪಿಗೆಯೇ? ಕೊನೆಯ ಮಾತನ್ನೂ ನೋಡಿ. ಚಪಡ ತನ್ನನ್ನು ‘ಲಿಪಿಕರ’ ಎಂದು ಹೇಳಿಕೊಂಡಿದ್ದಾನೆ, ಆ ಪದವೊಂದನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದು. ನಮ್ಮ ಶಾಸನಗಳಲ್ಲಿ ಬರೆದವನು ಬೇರೆ, ಕಂಡರಿಸಿದವನು (ಕಲ್ಲಿನಲ್ಲಿ ಕೊರೆದವನು) ಬೇರೆ. ಚಪಡನಿಗೆ ಯಾವುದು ಸಲ್ಲುತ್ತದೆ? ಸೋಮವಾರ ಫಲಕಗಳು ಅಚ್ಚಿಗೆ ಹೋಗುತ್ತವೆ, ಭಾನುವಾರ ಸಂಜೆಯೊಳಗೆ ಬರೆದರೆ ಉಪಕಾರವಾಗುತ್ತದೆ.